ಹಳೆಯ ಕಾರನ್ನು ಆನ್‌ಲೈನ್‌ನಲ್ಲಿ ಕೊಳ್ಳುವಾಗ: ತಣ್ಣಗಿನ ಎಂಜಿನ್‌ನಿಂದ ಹಣ ಪಾವತಿಯವರೆಗೆ

ಹತ್ತು ಹದಿನೈದು ವರ್ಷ ಓಡಿದ ಕಾರನ್ನು ಜಾಹೀರಾತು ನೋಡಿ ಕೊಂಡವರು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಏನೇನು ನೋಡಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಯಾವುದನ್ನು ಯಾವಾಗ ನೋಡಬೇಕು ಎಂಬುದು ತಪ್ಪಿರುತ್ತದೆ. ಫೋಟೊ ನೋಡಿಯೇ ಮುಂಗಡ ಕಳಿಸಿರುತ್ತಾರೆ. ಕಾರಿನ ಹತ್ತಿರ ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿರುತ್ತಾರೆ. ಆಮೇಲೆ ಸುತ್ತ ಒಂದು ಪ್ರದಕ್ಷಿಣೆ, ಐದು ನಿಮಿಷದ ಓಡಾಟ, ಒಪ್ಪಂದ.

ಎಂಜಿನ್ ತಣ್ಣಗಿರುವಾಗ ಮಾತ್ರ ಕಾಣುವ ದೋಷಗಳು ಕೆಲವಿವೆ, ಪೂರ್ತಿ ಬಿಸಿಯಾದ ಮೇಲೆ ಮಾತ್ರ ಹೊರಬೀಳುವವು ಇನ್ನು ಕೆಲವು. ಮೊದಲನೆಯವನ್ನು ನೋಡಲು ದಿನಕ್ಕೆ ಒಂದೇ ಅವಕಾಶ. ಹಾಗಾಗಿ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ.

## ಜೊತೆಗೆ ಒಯ್ಯಬೇಕಾದ ಸಾಮಾನು

ಒಳ್ಳೆಯ ಬೆಳಕಿನ ಟಾರ್ಚ್, ಉದ್ದ ಹಿಡಿಯ ಪುಟ್ಟ ಕನ್ನಡಿ, ಗ್ಲೌಸ್, ಬಿಳಿ ಟಿಶ್ಯೂ ಪೇಪರ್, ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್, ಮಲ್ಟಿಮೀಟರ್, ಟೈರ್ ಗೇಜ್, ನೆಲಕ್ಕೆ ಹಾಸಲು ಒಂದು ದೊಡ್ಡ ರಟ್ಟಿನ ಹಾಳೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸಾಧನ. ಅಮೆರಿಕದಲ್ಲಿ 1996ರಿಂದ, ಯುರೋಪಿಯನ್ ಒಕ್ಕೂಟದಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದರ ಸಾಕೆಟ್ ಕಡ್ಡಾಯವಾಗಿದೆ. ಬೇರೆ ಮಾರುಕಟ್ಟೆಯ ಹಳೆಯ ಮಾಡೆಲ್ ಆದರೆ ಸಾಕೆಟ್ ಇದೆಯೇ ಎಂದು ಮೊದಲೇ ವಿಚಾರಿಸಿ. ದೋಷದ ಕೋಡ್ ಮಾತ್ರ ಓದುವ ಸ್ಕ್ಯಾನರ್ ಸಾಲದು. ಲೈವ್ ಡೇಟಾ (ಸೆನ್ಸರ್‌ಗಳು ಆ ಕ್ಷಣ ಕೊಡುವ ಅಂಕಿಗಳು) ಮತ್ತು ರೆಡಿನೆಸ್ ಮಾನಿಟರ್‌ಗಳನ್ನೂ (ಹೊಗೆ ನಿಯಂತ್ರಣದ ಭಾಗಗಳನ್ನು ಕಾರು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂಬ ಗುರುತುಗಳು) ತೋರಿಸುವಂಥದ್ದು ಬೇಕು.

ಜ್ಯಾಕ್ ಮಾತ್ರ ಕೊಟ್ಟು ಎತ್ತಿದ ಕಾರಿನ ಅಡಿಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಅಡಿಭಾಗ ನೋಡಲು ಗ್ಯಾರೇಜಿನ ಲಿಫ್ಟ್ ಇದೆ.

## ಹಂತ 1: ಜಾಹೀರಾತಿನಲ್ಲಿ ಏನಿಲ್ಲ ಎಂಬುದನ್ನು ನೋಡಿ

ಚಂದದ ಫೋಟೊ ಹಾಕುವುದು ಎಲ್ಲರಿಗೂ ಬರುತ್ತದೆ. ಯಾವ ಫೋಟೊ ಬಿಟ್ಟಿದ್ದಾರೆ ಎಂಬುದೇ ಸುಳಿವು. ಎಂಜಿನ್ ಚಾಲೂ ಇರುವಾಗಿನ ಡ್ಯಾಶ್‌ಬೋರ್ಡ್ ಫೋಟೊ ಇಲ್ಲದಿದ್ದರೆ ಯಾವುದೋ ದೀಪ ಉರಿಯುತ್ತಿರಬಹುದು. ಕಾರಿನ ಒಂದು ಬದಿ ಯಾವ ಚಿತ್ರದಲ್ಲೂ ಕಾಣದಿದ್ದರೆ ಆ ಬದಿಯನ್ನೇ ಮೊದಲು ಕೇಳಿ. ಎಲ್ಲ ಫೋಟೊಗಳಲ್ಲೂ ಕಾರು ಒದ್ದೆಯಾಗಿದ್ದರೆ ಬಣ್ಣದ ವ್ಯತ್ಯಾಸ, ಗೀರು ಕಾಣಿಸುವುದಿಲ್ಲ. ಹಳೆಯ ಕಾರಿನ ಎಂಜಿನ್ ಭಾಗ ಹೊಸದರಂತೆ ಹೊಳೆಯುತ್ತಿದ್ದರೆ, ಸೋರಿಕೆಯ ಗುರುತುಗಳು ತೊಳೆದುಹೋಗಿವೆ ಎಂದೇ ಎಣಿಸಿ.

ಫೋಟೊಗಳನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿ. ಅದೇ ಚಿತ್ರಗಳು ಬೇರೆ ಊರಿನ, ಬೇರೆ ಹೆಸರಿನ ಜಾಹೀರಾತಿನಲ್ಲಿ ಸಿಕ್ಕರೆ ಅಲ್ಲಿಗೇ ಬಿಡಿ. ಅದೇ ವರ್ಷದ ಅದೇ ಮಾಡೆಲ್‌ಗಿಂತ ಬೆಲೆ ತೀರಾ ಕಡಿಮೆ, ಮಾಲೀಕರು ದೂರದಲ್ಲಿದ್ದಾರೆ, ಕಾರನ್ನು ಸಾಗಣೆ ಕಂಪನಿ ತಂದುಕೊಡುತ್ತದೆ, ಈಗಲೇ ಮುಂಗಡ ಕಳಿಸಿ: ಈ ನಾಲ್ಕೂ ಒಟ್ಟಿಗೆ ಬಂದರೆ ಅಲ್ಲಿ ಮಾರಲು ಕಾರೇ ಇಲ್ಲದಿರುವ ಸಾಧ್ಯತೆ ಹೆಚ್ಚು.

‘ಬಹಳ ಕಡಿಮೆ ಓಡಿದೆ’ ಎಂಬುದನ್ನು ಶುದ್ಧ ಲಾಭವೆಂದು ಎಣಿಸಬೇಡಿ. 15 ವರ್ಷದಲ್ಲಿ 30,000 ಕಿ.ಮೀ. ಓಡಿದ ಕಾರಿನ ಪಿಸ್ಟನ್ ಚೆನ್ನಾಗಿರಬಹುದು. ಆದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಹೋಸ್, ಆಯಿಲ್ ಸೀಲ್, ಸಸ್ಪೆನ್ಷನ್ ಬುಷ್, ಎಂಜಿನ್ ಮೌಂಟ್, ಟೈರ್ ಎಲ್ಲವೂ ರಬ್ಬರ್. ಅವು ಓಡಿಸಿದರೂ ಓಡಿಸದಿದ್ದರೂ ಮುಪ್ಪಾಗುತ್ತವೆ. ಹೊತ್ತಿಗೆ ಸರಿಯಾಗಿ ಸರ್ವಿಸ್ ಆಗಿ 1,20,000 ಕಿ.ಮೀ. ಓಡಿದ ಕಾರು ಎಷ್ಟೋ ಸಲ ಇದಕ್ಕಿಂತ ಒಳ್ಳೆಯ ಆಯ್ಕೆ.

## ಹಂತ 2: ಹೋಗುವ ಮೊದಲು ವಿಡಿಯೊ ತರಿಸಿಕೊಳ್ಳಿ

ಮೂರು ವಿಡಿಯೊ ಕೇಳಿ. ಮೊದಲನೆಯದು ರಾತ್ರಿಯಿಡೀ ನಿಂತ ಕಾರಿನ ಸ್ಟಾರ್ಟ್. ನಡುವೆ ಎಲ್ಲೂ ಕತ್ತರಿಸದೆ, ಡ್ಯಾಶ್‌ಬೋರ್ಡ್‌ನಿಂದ ಆರಂಭಿಸಿ ಸೈಲೆನ್ಸರ್‌ವರೆಗೆ ಹೋಗಬೇಕು. ಎರಡನೆಯದು ಆಯಿಲ್ ಹಾಕುವ ಮುಚ್ಚಳದ ಒಳಬದಿ ಮತ್ತು ಕೂಲಂಟ್ ಟ್ಯಾಂಕ್. ಮೂರನೆಯದು ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿಯ ಕೆಳಗಿನ ಗುಳಿ. ಜೊತೆಗೆ ಚಾಸಿ ನಂಬರಿನ ಫೋಟೊ ಮತ್ತು ಸರ್ವಿಸ್ ಬಿಲ್‌ಗಳು. ಇಷ್ಟನ್ನು ಕೊಡಲು ತಕರಾರು ತೆಗೆಯುವವರ ಬಳಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಭೇಟಿಯ ಸಮಯ ನಿಗದಿ ಮಾಡುವಾಗ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಬರಹದಲ್ಲಿ ತಿಳಿಸಿ. ಬೆಳಗಿನ ಹೊತ್ತು, ಮಳೆಯಿಲ್ಲದ ದಿನ ಒಳ್ಳೆಯದು. ನೀವೇ ಹೋಗಲಾಗದಿದ್ದರೆ ಆ ಊರಿನ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ತಪಾಸಣೆ ಮಾಡಿಸಿ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಬೇಡ.

## ಹಂತ 3: ನಂಬರ್‌ಗಳು ಒಂದಕ್ಕೊಂದು ಹೊಂದಬೇಕು

1981ರ ನಂತರದ ಹೆಚ್ಚಿನ ಕಾರುಗಳ ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ, ಕಂಡರೆ ಅನುಮಾನಿಸಿ. ಲೋಹದ ಮೇಲೆ ಕೊರೆದದ್ದು, ಪ್ಲೇಟಿನ ಮೇಲಿನದು, ದಾಖಲೆಯಲ್ಲಿರುವುದು ಮೂರೂ ಒಂದೇ ಆಗಿರಬೇಕು. ಕೊರೆದ ಜಾಗದ ಸುತ್ತ ವೆಲ್ಡಿಂಗ್ ಅಥವಾ ಹೊಸ ಬಣ್ಣ ಕಂಡರೆ ಮುಂದುವರಿಯಬೇಡಿ.

ದಾಖಲೆಯಲ್ಲಿನ ಹೆಸರು ನಿಮ್ಮೆದುರು ನಿಂತವರದೇ ಎಂದು ಗುರುತಿನ ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಸಾಲ ಬಾಕಿ ಇದೆಯೇ ಎಂದು ನೋಂದಣಿ ದಾಖಲೆಯಲ್ಲಿ ನೋಡಿ. ಚಾಸಿ ನಂಬರ್ ಕೊಟ್ಟು ತಯಾರಕರ ಬಳಿ ರೀಕಾಲ್ (ದೋಷದ ಭಾಗ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಬಾಕಿ ಇದೆಯೇ ಎಂದೂ ವಿಚಾರಿಸಿ. ಹಳೆಯ ಕಾರುಗಳಲ್ಲಿ ಟಕಾಟ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರ್ (ಚೀಲಕ್ಕೆ ಅನಿಲ ತುಂಬುವ ಭಾಗ) ಇದ್ದರೆ ಇದು ಪ್ರಾಣದ ಪ್ರಶ್ನೆ. ಅದರೊಳಗಿನ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವಕ್ಕೆ ಹಾಳಾಗಿ, ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರುಗಳು ಸಿಡಿದು ಜನ ಸತ್ತಿದ್ದಾರೆ. ಅದನ್ನು ಇನ್ನೂ ಬದಲಿಸದ ಕಾರಾದರೆ, ಏರ್‌ಬ್ಯಾಗ್ ಬದಲಿಸಿದ ನಂತರವೇ ಓಡಿಸಬೇಕು.

## ಹಂತ 4: ಎಂಜಿನ್ ತಣ್ಣಗಿರುವಾಗ

ತಲುಪಿದ ಕೂಡಲೇ ಮಾತುಕತೆಗೆ ಮೊದಲು ಬಾನೆಟ್ ಮೇಲೆ ಕೈಯಿಡಿ. ಆಮೇಲೆ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಕೂಲಂಟ್ ತಾಪಮಾನ ಓದಿ. ಹೊರಗಿನ ಗಾಳಿಯ ತಾಪಮಾನಕ್ಕೆ ಅದು ಹತ್ತಿರವಿರಬೇಕು. ಹೊರಗೆ 24 ಡಿಗ್ರಿ ಇದ್ದು ಇಲ್ಲಿ 60 ತೋರಿಸಿದರೆ ಸ್ವಲ್ಪ ಹೊತ್ತಿನ ಹಿಂದಷ್ಟೇ ಎಂಜಿನ್ ಓಡಿದೆ. ಕಾರಣ ಏನೇ ಹೇಳಲಿ, ಮರುದಿನ ಬರುತ್ತೇನೆಂದು ಹೇಳಿ ಹೊರಡಿ.

ಈಗಲೇ ರೆಡಿನೆಸ್ ಮಾನಿಟರ್‌ಗಳನ್ನೂ ನೋಡಿ. ದೋಷದ ಕೋಡ್‌ಗಳನ್ನು ಅಳಿಸಿದಾಗ ಈ ಮಾನಿಟರ್‌ಗಳು ಅಪೂರ್ಣ ಸ್ಥಿತಿಗೆ ಹೋಗುತ್ತವೆ, ಮತ್ತೆ ಪೂರ್ಣವಾಗಲು ಹಲವು ದಿನಗಳ ಓಡಾಟ ಬೇಕು. ಒಂದೂ ಕೋಡ್ ಇಲ್ಲ, ಆದರೆ ಹೆಚ್ಚಿನ ಮಾನಿಟರ್‌ಗಳು ಅಪೂರ್ಣ ಎಂದರೆ ನೀವು ಬರುವ ಮೊದಲು ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಂಬ ಅಂಕಿಯನ್ನು ಅನೇಕ ಕಾರುಗಳು ಕೊಡುತ್ತವೆ. ಅಲ್ಲಿ 12 ಕಿ.ಮೀ. ಎಂದಿದ್ದರೆ ಇನ್ನು ವಿವರಣೆ ಬೇಕಿಲ್ಲ.

ಇಗ್ನಿಷನ್ ಆನ್ ಆದಾಗ ಎಚ್ಚರಿಕೆಯ ದೀಪಗಳು ಉರಿಯಬೇಕು: ಎಂಜಿನ್, ಆಯಿಲ್, ಬ್ಯಾಟರಿ, ಎಬಿಎಸ್, ಏರ್‌ಬ್ಯಾಗ್. ಉರಿಯದ ದೀಪ ಉರಿದು ಆರದ ದೀಪಕ್ಕಿಂತ ಕೆಟ್ಟದ್ದು, ಏಕೆಂದರೆ ಬಲ್ಬ್ ತೆಗೆದು ದೋಷ ಮುಚ್ಚಿರುವ ಸಾಧ್ಯತೆ ಇದೆ.

ಇಗ್ನಿಷನ್ ಆಫ್ ಮಾಡಿ ಬಾನೆಟ್ ತೆರೆಯಿರಿ. ರೇಡಿಯೇಟರ್ ಅಥವಾ ಕೂಲಂಟ್ ಟ್ಯಾಂಕಿನ ಮುಚ್ಚಳ ತೆರೆಯಲು ಸುರಕ್ಷಿತ ಸಮಯ ಇದೊಂದೇ. ಬಿಸಿ ಎಂಜಿನ್‌ನಲ್ಲಿ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಹಸಿರೋ ಕೆಂಪೋ ನೀಲಿಯೋ ಆಗಿರಲಿ, ತಿಳಿಯಾಗಿರಬೇಕು. ತುಕ್ಕಿನ ಬಣ್ಣದ ಕೆಸರಾಗಿದ್ದರೆ ವರ್ಷಗಟ್ಟಲೆ ಬದಲಿಸಿಲ್ಲ ಅಥವಾ ಬರೀ ನೀರು ಹಾಕಿ ಓಡಿಸಿದ್ದಾರೆ. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಅಥವಾ ಆಯಿಲ್ ಕೂಲರ್ ಒಡೆದಿದೆ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ತೆಗೆದು ಟಿಶ್ಯೂ ಮೇಲೆ ಒರೆಸಿ. ಆಯಿಲ್ ಕಪ್ಪಾಗಿರುವುದು ದೋಷವಲ್ಲ, ಡೀಸೆಲ್ ಎಂಜಿನ್‌ನಲ್ಲಿ ಬೇಗ ಕಪ್ಪಾಗುತ್ತದೆ. ಬೆಳಕಿಗೆ ಹಿಡಿದಾಗ ಲೋಹದ ಮಿನುಗು ಕಂಡರೆ ಬೇರಿಂಗ್ ಸವೆಯುತ್ತಿದೆ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಥವಾ ಮಾಲೀಕರು ನೋಡುತ್ತಲೇ ಇಲ್ಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರಿನಲ್ಲಿ ಮಟ್ಟ ಗರಿಷ್ಠ ಗೆರೆ ದಾಟಿದ್ದರೆ ಇನ್ನೂ ಎಚ್ಚರ. ಹತ್ತಿರದ ಓಡಾಟದಲ್ಲೇ ಕಳೆದ ಕಾರಿನಲ್ಲಿ ಫಿಲ್ಟರ್ ಸುಟ್ಟು ಶುಚಿಯಾಗುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್, ಟರ್ಬೊ ಎರಡೂ ಹಾಳಾಗುತ್ತವೆ.

ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ತಿಳಿ ಕಂದು ಜಿಡ್ಡು ಇದ್ದರೆ ಎರಡು ಅರ್ಥ. ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಇದ್ದರೆ ಚಿಕ್ಕ ಓಡಾಟದಿಂದ ಕಟ್ಟಿದ ತೇವ ಇರಬಹುದು. ಡಿಪ್‌ಸ್ಟಿಕ್‌ನಲ್ಲೂ ಅದೇ ಕೆನೆ ಇದ್ದರೆ ನೀರು ಆಯಿಲ್‌ಗೆ ಸೇರಿದೆ, ಆ ಕಾರು ಬೇಡ.

ಬ್ಯಾಟರಿ ತುದಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್, 12.2ಕ್ಕಿಂತ ಕಡಿಮೆಯಿದ್ದರೆ ಅರ್ಧ ಖಾಲಿ.

## ಹಂತ 5: ಮೊದಲ ಸ್ಟಾರ್ಟ್

ಒಬ್ಬರು ಕೀಲಿ ತಿರುಗಿಸಲಿ, ನೀವು ಸೈಲೆನ್ಸರ್ ಕಾಣುವಂತೆ, ಎಂಜಿನ್ ಶಬ್ದ ಕೇಳುವಂತೆ ನಿಲ್ಲಿ. ಆಯಿಲ್ ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು.

ಮೊದಲ ಸೆಕೆಂಡುಗಳಲ್ಲಿ ಸರಪಳಿ ಅಲುಗಾಡಿಸಿದಂಥ ಗಲಗಲ ಶಬ್ದ ಬಂದು ನಿಂತರೆ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ಓಡಿಸುವ ಸರಪಳಿ) ಸಡಿಲವಾಗಿರಬಹುದು ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿರಬಹುದು. ಬಿಸಿ ಎಂಜಿನ್‌ನಲ್ಲಿ ಈ ಶಬ್ದ ಕೇಳಿಸದೇ ಹೋಗಬಹುದು. ಸಣ್ಣ ಟಿಕ್ ಟಿಕ್ ಶಬ್ದ ಒಂದು ನಿಮಿಷದಲ್ಲಿ ಕರಗಿದರೆ ಹೈಡ್ರಾಲಿಕ್ ಟ್ಯಾಪೆಟ್, ಅದು ಅಷ್ಟು ಗಂಭೀರವಲ್ಲ. ಕೆಳಗಿನಿಂದ ಬರುವ ದಪ್ಪನೆಯ ಡಬ್ ಡಬ್ ಬಡಿತ, ಅದೂ ಆಕ್ಸಿಲರೇಟರ್ ಒತ್ತಿದಂತೆ ವೇಗವಾದರೆ, ಕನೆಕ್ಟಿಂಗ್ ರಾಡ್ ಬೇರಿಂಗ್. ಅಂಥ ಎಂಜಿನ್ ಬಿಚ್ಚದೆ ಸರಿಯಾಗುವುದಿಲ್ಲ.

ಹೊಗೆಯ ಬಣ್ಣ ಮಾತ್ರವಲ್ಲ, ಅದು ಬರುವ ಹೊತ್ತನ್ನೂ ಗಮನಿಸಿ. ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸೋರುತ್ತಿದೆ. ಓಡುವಾಗ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ, ಖರ್ಚು ಬಹಳ ದೊಡ್ಡದು. ಚಳಿಯ ಬೆಳಗಿನಲ್ಲಿ ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲಂಟ್ ಸಿಲಿಂಡರ್ ಒಳಗೆ ಉರಿಯುತ್ತಿದೆ. ಕಪ್ಪು ಹೊಗೆಯೆಂದರೆ ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ. ಡೀಸೆಲ್‌ನಲ್ಲಿ ಇಂಜೆಕ್ಟರ್, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ), ಟರ್ಬೊ ಹೋಸ್ ಇವುಗಳತ್ತ ನೋಡಿ.

ಸ್ಟಾರ್ಟ್ ಆಗಿ ಒಂದೆರಡು ನಿಮಿಷದೊಳಗೆ ರೇಡಿಯೇಟರಿನ ಮೇಲಿನ ಹೋಸ್ ಹಿಸುಕಿ. ಫ್ಯಾನ್‌ನಿಂದ ಕೈ ದೂರವಿರಲಿ. ಎಂಜಿನ್ ಇನ್ನೂ ತಣ್ಣಗಿದ್ದರೂ ಹೋಸ್ ಆಗಲೇ ಕಲ್ಲಿನಂತಾಗಿದ್ದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಕೂಲಂಟ್ ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ ಏಳುವುದೂ ಇದೇ ದೋಷದ ಗುರುತು. ಅನುಮಾನ ಉಳಿದರೆ ಮೆಕ್ಯಾನಿಕ್‌ನಿಂದ ಬ್ಲಾಕ್ ಟೆಸ್ಟ್ ಮಾಡಿಸಿ. ಅದರ ನೀಲಿ ದ್ರಾವಣ ಎಂಜಿನ್ ಅನಿಲ ತಾಗಿದರೆ ಪೆಟ್ರೋಲ್ ಕಾರಿನಲ್ಲಿ ಹಳದಿಗೆ ತಿರುಗುತ್ತದೆ.

ಈಗ ಬ್ಯಾಟರಿಯ ವೋಲ್ಟೇಜ್ ಮತ್ತೆ ಅಳೆಯಿರಿ. ಹೆಚ್ಚಿನ ಹಳೆಯ ಕಾರುಗಳಲ್ಲಿ 13.8ರಿಂದ 14.5ರೊಳಗಿದ್ದರೆ ಆಲ್ಟರ್ನೇಟರ್ ಸರಿ.

## ಹಂತ 6: ಎಂಜಿನ್ ಬಿಸಿಯಾಗುತ್ತಿರುವಾಗ ಬಾಡಿ ನೋಡಿ

ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ, ನೀವು ಕಾರಿನ ಸುತ್ತ ನಿಧಾನವಾಗಿ ಬನ್ನಿ. ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳು ಎರಡೂ ಬದಿ ಒಂದೇ ಅಗಲವಿರಬೇಕು. ಬಾನೆಟ್ ಮತ್ತು ಫೆಂಡರ್ ಬೋಲ್ಟ್‌ಗಳ ಬಣ್ಣ ಸ್ಪ್ಯಾನರ್ ತಾಗಿ ಕಿತ್ತಿದ್ದರೆ ಆ ಭಾಗ ಬಿಚ್ಚಿದ್ದಾರೆ. ಪೇಂಟ್ ಗೇಜ್ ಇದ್ದರೆ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 160 ಮೈಕ್ರಾನ್ ತೋರಿಸುತ್ತದೆ. 250-300 ಬಂದರೆ ಮರುಬಣ್ಣ. ಸಾವಿರ ದಾಟಿದರೆ ಕೆಳಗೆ ಪುಟ್ಟಿ (ತಗ್ಗು ತುಂಬುವ ಲೇಪ) ಮೆತ್ತಿದ್ದಾರೆ. ಗೇಜ್ ಇಲ್ಲದಿದ್ದರೆ ಮ್ಯಾಗ್ನೆಟ್ ಸಾಕು, ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ. ಅಲ್ಯುಮಿನಿಯಂ, ಪ್ಲಾಸ್ಟಿಕ್ ಭಾಗಗಳ ಮೇಲೂ ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

ಒಂದು ಬಾಗಿಲಿಗೆ ಬಣ್ಣ ಹೊಡೆದಿದ್ದರೆ ಗಾಬರಿ ಬೇಡ. ಮುಂದಿನ ಚಾಸಿ ರೈಲ್, ಛಾವಣಿಯ ಕಂಬ, ಸಸ್ಪೆನ್ಷನ್ ಕೂರುವ ಟವರ್ ಇವುಗಳಲ್ಲಿ ಮಡಿಕೆ ಅಥವಾ ಕೈವೆಲ್ಡಿಂಗ್ ಕಂಡರೆ ಮಾತ್ರ ಬಿಡಬೇಕು.

ತುಕ್ಕು ಮೊದಲು ಹಿಡಿಯುವುದು ಬಾಗಿಲ ಕೆಳಗಿನ ಸಿಲ್, ಜ್ಯಾಕ್ ಕೊಡುವ ಜಾಗ ಮತ್ತು ಚಕ್ರದ ಕಮಾನಿನಲ್ಲಿ. ಮೇಲ್ಮೈಯ ಕಂದು ಬಣ್ಣ ಸಮಸ್ಯೆಯಲ್ಲ. ಬೆರಳಿನಿಂದ ಒತ್ತಿದಾಗ ಕುಸಿಯುವುದು, ಪದರ ಪದರವಾಗಿ ಏಳುವುದು ಸಮಸ್ಯೆ. ಹಳೆಯ ಕಾರಿನ ಅಡಿಗೆ ಹೊಚ್ಚ ಹೊಸ ಕಪ್ಪು ಲೇಪನವಿದ್ದರೆ ಅದರ ಕೆಳಗೆ ಏನಿದೆ ಎಂದು ಕೇಳಿ.

ನೆರೆ ನೀರಿನಲ್ಲಿ ಮುಳುಗಿದ ಕಾರನ್ನು ಪತ್ತೆ ಹಚ್ಚಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಹೊರಗೆ ಕಾಣುವ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟ್, ಡ್ಯಾಶ್‌ಬೋರ್ಡ್ ಕೆಳಗಿನ ಲೋಹದ ಪಟ್ಟಿ, ಸ್ಟೆಪ್ನಿ ಗುಳಿ ಇಲ್ಲೆಲ್ಲ ತುಕ್ಕು ಅಥವಾ ಹೂಳು ಹುಡುಕಿ. ಇಂಥ ಕಾರು ಎಷ್ಟು ಅಗ್ಗವಾದರೂ ಬೇಡ. ಅದರ ವೈರಿಂಗ್ ಕನೆಕ್ಟರ್‌ಗಳು ತಿಂಗಳುಗಟ್ಟಲೆ ಒಂದೊಂದಾಗಿ ಕೊಳೆಯುತ್ತಾ ಹೋಗುತ್ತವೆ.

ಟೈರಿನ ಬದಿಯಲ್ಲಿ ಡಾಟ್ (DOT) ಕೋಡಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಸವೆತವನ್ನೂ ಓದಿ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಬಾಗಿದ ಸಸ್ಪೆನ್ಷನ್, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ.

ಓಡೊಮೀಟರ್ 60,000 ತೋರಿಸುತ್ತಿದ್ದು ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ, ಚಾಲಕರ ಸೀಟಿನ ಅಂಚು ಕುಸಿದಿದ್ದರೆ ಅಂಕಿಯನ್ನು ನಂಬಬೇಡಿ. ಹಳೆಯ ಸರ್ವಿಸ್ ಬಿಲ್‌ಗಳಲ್ಲಿನ ಕಿ.ಮೀ.ಗಳನ್ನು ದಿನಾಂಕದ ಜೊತೆ ಬರೆದು ನೋಡಿ, ಅಂಕಿ ಎಲ್ಲೂ ಹಿಂದಕ್ಕೆ ಹೋಗಿರಬಾರದು.

## ಹಂತ 7: ಅರ್ಧ ಗಂಟೆಯಾದರೂ ಓಡಿಸಿ

ಐದು ನಿಮಿಷದಲ್ಲಿ ಏನೂ ತಿಳಿಯುವುದಿಲ್ಲ. ಊರೊಳಗಿನ ನಿಂತು ಹೊರಡುವ ರಸ್ತೆ, ವೇಗದ ರಸ್ತೆ, ಒಂದು ಏರು ಮೂರೂ ಇರಲಿ. ರೇಡಿಯೊ ಆಫ್. ಸ್ಕ್ಯಾನರ್ ಸಿಕ್ಕಿಸಿಯೇ ಇರಲಿ. ಕೂಲಂಟ್ ತಾಪಮಾನ ಹೆಚ್ಚಿನ ಕಾರುಗಳಲ್ಲಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಬಂದು ನಿಲ್ಲಬೇಕು. 70 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಏರುತ್ತಲೇ ಹೋದರೆ ಕೂಡಲೇ ನಿಲ್ಲಿಸಿ. ಪೆಟ್ರೋಲ್ ಕಾರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಪ್ಲಸ್ ಅಥವಾ ಮೈನಸ್ ಶೇ. 10 ದಾಟಿದ್ದರೆ ಗಾಳಿ ಸೋರಿಕೆ, ಸೆನ್ಸರ್ ಅಥವಾ ಇಂಧನ ಪೂರೈಕೆಯಲ್ಲಿ ದೋಷವಿದೆ.

ಮ್ಯಾನುಯಲ್ ಕಾರಿನಲ್ಲಿ ಟಾಪ್ ಗೇರಿಗೆ ಒಂದು ಗೇರ್ ಕಡಿಮೆಯಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡನೇ ಗೇರಿಗೆ ಬೇಗ ಹಾಕಿದಾಗ ಕರಕರ ಎಂದರೆ ಸಿಂಕ್ರೊನೈಸರ್ ಸವೆದಿದೆ.

ಆಟೊಮ್ಯಾಟಿಕ್‌ನಲ್ಲಿ ನಿಂತಾಗ ಪಿ-ಯಿಂದ (ಪಾರ್ಕ್) ಆರ್‌ಗೆ (ರಿವರ್ಸ್), ಡಿ-ಗೆ (ಡ್ರೈವ್) ಹಾಕಿ. ಎರಡು ಸೆಕೆಂಡಿಗಿಂತ ತಡವಾಗಿ ಹಿಡಿಯುವುದು, ಜೋರಾಗಿ ಕುಕ್ಕುವುದು ಎರಡೂ ಕೆಟ್ಟ ಲಕ್ಷಣ. ಈ ದೋಷಗಳು ಬಹಳ ಸಲ ಗೇರ್ ಆಯಿಲ್ ಬಿಸಿಯಾದ ಮೇಲೆ, ಇಪ್ಪತ್ತು ನಿಮಿಷದ ನಂತರವೇ ತಲೆದೋರುತ್ತವೆ. ಆದ್ದರಿಂದ ಈ ಪರೀಕ್ಷೆಯನ್ನು ಕೊನೆಯಲ್ಲಿ ಇನ್ನೊಮ್ಮೆ ಮಾಡಿ. ಸಿವಿಟಿ ಅಥವಾ ಡ್ಯುಯಲ್ ಕ್ಲಚ್ ಎಂಬ ಬಗೆಯ ಆಟೊಮ್ಯಾಟಿಕ್ ಆದರೆ ತೆವಳುವ ವೇಗದಲ್ಲಿ ನಡುಕ ಬರುತ್ತದೆಯೇ ನೋಡಿ.

ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತಿ. ಟಕ್ ಟಕ್ ಎಂದರೆ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ನ ಕೀಲು) ಸವೆದಿದೆ. ವೇಗದ ಜೊತೆ ಏರುವ ಗುಂಯ್ ಶಬ್ದ ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಬ್ರೇಕ್ ಒತ್ತಿದಾಗ ಕಾರು ಒಂದು ಕಡೆ ಎಳೆಯಬಾರದು, ಪೆಡಲ್ ಮಿಡಿಯಬಾರದು. ನಿಂತ ಮೇಲೆ ಪೆಡಲ್ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಒಳಗೆ ಸೋರುತ್ತಿದೆ.

## ಹಂತ 8: ಬಿಸಿ ಎಂಜಿನ್, ನಂತರ ಲಿಫ್ಟ್

ಮರಳಿ ಬಂದು ಎಂಜಿನ್ ಆಫ್ ಮಾಡದೆ ರಟ್ಟಿನ ಹಾಳೆಯನ್ನು ಕೆಳಗೆ ಸರಿಸಿ, ಹತ್ತು ನಿಮಿಷ ಬಿಡಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲಬೇಕು. ಹಾಳೆಯ ಮೇಲೆ ಬರೀ ನೀರು ಬಿದ್ದರೆ ಅದು ಎಸಿಯದು. ಕಂದು ಅಥವಾ ಕಪ್ಪು ಹನಿ ಎಂಜಿನ್ ಆಯಿಲ್. ಕೆಂಪು ಜಿಡ್ಡು ಗೇರ್ ಅಥವಾ ಸ್ಟೀರಿಂಗ್ ಆಯಿಲ್. ಬಣ್ಣವಿದ್ದು ಸಿಹಿ ವಾಸನೆಯಿದ್ದರೆ ಕೂಲಂಟ್. ಆಮೇಲೆ ಆಫ್ ಮಾಡಿ ಕೂಡಲೇ ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಸುಲಭವಾಗಿ ಎದ್ದ ಎಂಜಿನ್ ಬಿಸಿಯಲ್ಲಿ ಎಳೆದಾಡಿದರೆ ಕ್ರ್ಯಾಂಕ್ ಸೆನ್ಸರ್, ಸ್ಟಾರ್ಟರ್ ಅಥವಾ ಇಂಧನದ ಒತ್ತಡದ ಕಡೆ ದೋಷ ಹುಡುಕಬೇಕು.

ಇಲ್ಲಿಯವರೆಗೆ ಎಲ್ಲ ಸರಿಯಿದ್ದರೆ ಮಾತ್ರ ಲಿಫ್ಟಿನ ಖರ್ಚು ಮಾಡಿ. ಆಕ್ಸಲ್ ಬೂಟ್ ಹರಿದಿದೆಯೇ, ಬುಷ್ ಒಡೆದಿದೆಯೇ, ಬ್ರೇಕ್ ಪೈಪ್ ತುಕ್ಕು ಹಿಡಿದಿದೆಯೇ, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕಡೆ ಆಯಿಲ್ ಇಳಿದಿದೆಯೇ ಎಂದು ಮೆಕ್ಯಾನಿಕ್ ನೋಡಲಿ. ಪೆಟ್ರೋಲ್ ಎಂಜಿನ್ ಮೇಲೆ ಅನುಮಾನವಿದ್ದರೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿಸಿ. ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಶೇ. 15 ಮೀರಬಾರದು.

ಟೈಮಿಂಗ್ ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿದ ಬಿಲ್ ಕೇಳಿ. ಕಿ.ಮೀ. ಮತ್ತು ವರ್ಷ, ಯಾವುದು ಮೊದಲು ಮುಗಿಯುತ್ತದೋ ಅದು ಲೆಕ್ಕ. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಹಿಡಿಯಿರಿ. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಬಡಿಯುತ್ತದೆ. ಫೋರ್ಡ್ 1.0 ಇಕೋಬೂಸ್ಟ್, ಪ್ಯೂಜೊ-ಸಿಟ್ರನ್ 1.2 ಪ್ಯೂರ್‌ಟೆಕ್ ಎಂಜಿನ್‌ಗಳ ಹಲವು ಆವೃತ್ತಿಗಳಲ್ಲಿ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ. ಅದು ಸವೆದು ಉದುರಿದ ಪುಡಿ ಆಯಿಲ್ ಪಂಪಿನ ಜರಡಿಗೆ ಕಟ್ಟಿಕೊಂಡರೆ ಎಂಜಿನ್‌ಗೆ ಆಯಿಲ್ಲೇ ಸಿಗುವುದಿಲ್ಲ. ಇಂಥದ್ದರಲ್ಲಿ ತಪ್ಪು ಗ್ರೇಡಿನ ಆಯಿಲ್ ಹಾಕಿದ ಇತಿಹಾಸವಿದ್ದರೆ ದೂರವಿರಿ.

## ಹಂತ 9: ಹಣ

ಕಂಡ ದೋಷಗಳನ್ನು ಎರಡು ಪಾಲು ಮಾಡಿ. ಹೆಡ್ ಗ್ಯಾಸ್ಕೆಟ್, ರಾಡ್ ಬಡಿತ, ಜಾರುವ ಆಟೊಮ್ಯಾಟಿಕ್ ಗೇರ್ ಬಾಕ್ಸ್, ಚಾಸಿಯ ತುಕ್ಕು ಅಥವಾ ಬಾಗು, ನೆರೆ ನೀರು, ಹೊಂದದ ನಂಬರ್ ಇವುಗಳಿಗೆ ರಿಯಾಯಿತಿ ಕೇಳಬೇಡಿ, ಎದ್ದು ಬನ್ನಿ. ಟೈರ್, ಬ್ಯಾಟರಿ, ಬ್ರೇಕ್ ಡಿಸ್ಕ್, ಶಾಕ್ ಅಬ್ಸಾರ್ಬರ್, ಕ್ಲಚ್, ಟೈಮಿಂಗ್ ಬೆಲ್ಟ್ ಇವುಗಳ ಖರ್ಚನ್ನು ಗ್ಯಾರೇಜಿನಲ್ಲಿ ಬರೆಸಿಕೊಂಡು ಬೆಲೆಯಿಂದ ಕಳೆಯಿರಿ.

ಪೂರ್ತಿ ಹಣ ಕೈ ಬದಲಾಗುವುದು ಮಾಲೀಕರ ಸಹಿ, ಎಲ್ಲ ಕೀಲಿ, ಮೂಲ ದಾಖಲೆಗಳು ಸಿಗುವ ಹೊತ್ತಿಗೇ, ಅದೂ ದಾಖಲೆಯಲ್ಲಿರುವ ವ್ಯಕ್ತಿಯ ಖಾತೆಗೇ. ಕಾರು ಸಾಗಣೆಯಲ್ಲಿ ಬರುವುದಾದರೆ ಹಿಂದಿರುಗಿಸುವ ಅವಧಿ ಎಷ್ಟು ದಿನ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಇಳಿಸುವಾಗ ವಿಡಿಯೊ ಮಾಡಿ, ಮರುದಿನ ಬೆಳಗ್ಗೆಯೇ ಹಂತ 4ರಿಂದ 8ರವರೆಗೆ ಎಲ್ಲವನ್ನೂ ಮಾಡಿ ಮುಗಿಸಿ.

## ಹಂತ 10: ಮೊದಲ ವಾರ

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲೂಯಿಡ್ ಎಲ್ಲವನ್ನೂ ಕೈಪಿಡಿಯಲ್ಲಿ ಹೇಳಿದ ಗ್ರೇಡಿನಲ್ಲೇ ಬದಲಿಸಿ. ಬೆಲ್ಟಿಗೆ ದಾಖಲೆ ಇಲ್ಲದಿದ್ದರೆ ಅದನ್ನೂ, ಜೊತೆಗೆ ಟೆನ್ಷನರನ್ನೂ. ಆ ಬೆಲ್ಟೇ ವಾಟರ್ ಪಂಪನ್ನು ತಿರುಗಿಸುವುದಾದರೆ ಪಂಪನ್ನೂ ಈಗಲೇ ಬದಲಿಸಿ. ಕೂಲಂಟ್ ಟ್ಯಾಂಕಿನ ಹೊರಗೆ ಮಾರ್ಕರ್‌ನಿಂದ ಮಟ್ಟದ ಗೆರೆ ಎಳೆದು, ಮೊದಲ 1,000 ಕಿ.ಮೀ. ಮುಗಿಯುವವರೆಗೆ ಪ್ರತಿದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಆ ಗೆರೆಯನ್ನೂ ಡಿಪ್‌ಸ್ಟಿಕ್ಕನ್ನೂ ನೋಡಿ, ಓಡಿದ ಕಿ.ಮೀ. ಜೊತೆ ಬರೆದಿಡಿ.